ತಂತಿ ಎಲ್ಲಿಂದ ಬಂದದ್ದು

ಬಂದ ತಂತಿಯನ್ನು ಫೋನಿನಲ್ಲಿ ಓದಿ ಹೇಳಬೇಕು ಎಂದು ನನಗೆ ಯಾವ ಮೇಲಧಿಕಾರಿಯೂ ಹೇಳಿರಲಿಲ್ಲ. ಹೇಳಬಾರದು ಎಂದು ಮಾತ್ರ ಹೇಳಿದ್ದರು. ಕೆಲಸಕ್ಕೆ ಸೇರಿದ ದಿನವೇ ಗುಟ್ಟು ಕಾಯುವ ಪ್ರಮಾಣಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರು. ಒಬ್ಬರ ತಂತಿಯಲ್ಲಿ ಏನಿದೆ, ಯಾರು ಕಳುಹಿಸಿದರು, ಎಲ್ಲಿಂದ ಕಳುಹಿಸಿದರು ಎಂಬುದು ಮೂರನೆಯವರ ಕಿವಿಗೆ ಬೀಳಕೂಡದು. ವಿಳಾಸದಾರನಿಗೂ ಅದು ಮುಚ್ಚಿದ ಲಕೋಟೆಯಲ್ಲೇ ತಲುಪಬೇಕು, ಬಾಯಿಮಾತಿನಲ್ಲಿ ಅಲ್ಲ. ಬ್ರಿಟಿಷರ ಕಾಲದಿಂದ ಬಂದ ನಿಯಮ. ಅದನ್ನು ನಾನು ಮುರಿಯಲು ಶುರು ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಮುಂಬಯಿ ಹೊರವಲಯದ ಡೊಂಬಿವಲಿಯ ಒಂದು ಚಾಳಿನ ಒಂಟಿಕೋಣೆಯಲ್ಲಿದ್ದ, ತುಳು ಮಾತಾಡುವ ನಮ್ಮೂರ ಕಡೆಯ ಹೆಂಗಸಿಗೆ ತಂತಿ ಬಂತು. ಗಂಡ ಹೋಟೆಲಿನಲ್ಲಿ ಕೆಲಸಕ್ಕೆ ಹೋಗಿದ್ದ. ಆಕೆಗೆ ಇಂಗ್ಲಿಷ್ ಓದಲು ಬಾರದು. ಕಾಗದ ಹಿಡಿದು ರೇಷನ್ ಅಂಗಡಿಗೆ ಓಡಿದಳು. ಅಂಗಡಿಯವನು ಸಕ್ಕರೆಯ ದರ ಓದುವ ಧ್ವನಿಯಲ್ಲಿ ಅವಳ ಅಪ್ಪ ಸತ್ತ ಸುದ್ದಿಯನ್ನು ಗಟ್ಟಿಯಾಗಿ ಓದಿಬಿಟ್ಟ. ಸೀಮೆಎಣ್ಣೆ ಡಬ್ಬಗಳ ಸಾಲಿನ ನಡುವೆ ಆಕೆ ಕುಸಿದು ಕೂತಳು. ಅದನ್ನು ತಂತಿ ಒಯ್ದಿದ್ದ ನಮ್ಮ ಮೆಸೆಂಜರ್ ಬಂದು ಹೇಳಿದಾಗ ನನಗೆ ಊಟ ಸೇರಲಿಲ್ಲ.

ಅಂದಿನಿಂದ ನಮ್ಮವರ ಹೆಸರಿಗೆ ತಂತಿ ಬಂದರೆ, ಮೆಸೆಂಜರ್ ಸೈಕಲ್ ಹತ್ತುವ ಮೊದಲೇ ನಾನು ಫೋನ್ ಮಾಡುತ್ತಿದ್ದೆ. ಮೊದಮೊದಲು ಹೋಟೆಲಿನ ಗಲ್ಲಾಕ್ಕೋ ಪಕ್ಕದ ಮನೆಗೋ, ಆಮೇಲೆ ಅವರವರ ಮೊಬೈಲಿಗೆ. ಅದಕ್ಕೂ ಒಂದು ಕ್ರಮವಿತ್ತು. ತಂತಿ ಎಂದರೆ ಸಾಕು, ನಮ್ಮವರು ಕೇಳುವ ಮೊದಲ ಮಾತು ‘ಎಲ್ಲಿಂದ ಬಂದದ್ದು?’ ಊರಿನಿಂದ ಎಂದರೆ ಅರ್ಧ ಸುದ್ದಿ ಅಲ್ಲೇ ತಿಳಿಯುತ್ತದೆ. ಆಮೇಲೆ ‘ಕೂತುಕೊಳ್ಳಿ’ ಎನ್ನಬೇಕು. ಆಮೇಲೆ ಜೋರು ಹುಷಾರಿಲ್ಲವಂತೆ ಎನ್ನಬೇಕು. ಉಳಿದದ್ದನ್ನು ಅವರೇ ಕೇಳುವವರೆಗೆ ಕಾಯಬೇಕು. ಇದೆಲ್ಲ ತುಳುವಿನಲ್ಲಿ ನಡೆಯುತ್ತಿತ್ತು. ಎಲ್ಲರೂ ನನ್ನನ್ನು ತಂತಿ ಮಾಮ ಎನ್ನತೊಡಗಿದರು. ತಂತಿ ಮಾಮನ ಬಾಯಲ್ಲಿ ಕೇಳಿದರೆ ಸಾವಿನ ಸುದ್ದಿಯೂ ಸ್ವಲ್ಪ ತಣ್ಣಗೆ ಬರುತ್ತದೆ ಎಂದು ನಮ್ಮ ತುಳುವರ ಸಂಘದ ವಾರ್ಷಿಕೋತ್ಸವದಲ್ಲಿ ಯಾರೋ ಭಾಷಣ ಮಾಡಿದರು. ನನಗೆ ಎದೆ ಉಬ್ಬಿತು. ನಿಯಮ ಮುರಿಯುವವನಿಗೆ ಶಾಲು ಹೊದೆಸಿದ್ದು ಬಹುಶಃ ನಮ್ಮ ಸಂಘ ಒಂದೇ.

ನನ್ನ ಅಜ್ಜನ ತಲೆಮಾರಿನವರು ಹಡಗು ಹತ್ತಿ ಮುಂಬಯಿಗೆ ಬರುತ್ತಿದ್ದಾಗ, ಊರಿನಲ್ಲಿ ತಾಯಿ ತೀರಿಕೊಂಡರೆ ಮಗನಿಗೆ ಕಾರ್ಡು ಮುಟ್ಟುವಷ್ಟರಲ್ಲಿ ಬೊಜ್ಜದ ಉತ್ತರಕ್ರಿಯೆಯೂ ಮುಗಿದಿರುತ್ತಿತ್ತು. ತಂತಿ ಬಂದ ಮೇಲೆ ಮಗ ಕನಿಷ್ಠ ಹದಿಮೂರನೆಯ ದಿನಕ್ಕೆ ಊರು ಸೇರುವಂತಾಯಿತು. ಹೋಟೆಲ್ ಧಣಿಗಳು ತಂತಿ ನೋಡಿದ ಮೇಲೆಯೇ ರಜೆ ಕೊಡುವ ಪದ್ಧತಿ ಬಂತು. ಖಾಕಿ ಬಟ್ಟೆಯ ಸೈಕಲ್ ಗಲ್ಲಿಗೆ ತಿರುಗಿದರೆ ಹೆಂಗಸರು ಲಕೋಟೆ ಒಡೆಯುವ ಮೊದಲೇ ಅಳಲು ಶುರು ಮಾಡುವುದೂ ಬಂತು. ಊರು ಬಿಟ್ಟ ನಮ್ಮ ಜನರ ಅರ್ಧ ಬದುಕು ಆ ಸೈಕಲ್ಲಿನ ಹಿಂದೆ ಮುಂದೆ ಸುತ್ತುತ್ತಿತ್ತು. ಅದರ ನಡುವೆ ನಾನೊಬ್ಬ ದೊಡ್ಡ ಮನುಷ್ಯ ಎಂದುಕೊಂಡಿದ್ದೆ.

ನಾನು ಹೇಳಹೊರಟಿರುವ ದಿನದ ಹೊತ್ತಿಗೆ ಆ ದೊಡ್ಡಸ್ತಿಕೆ ಬಹುಮಟ್ಟಿಗೆ ಇಳಿದಿತ್ತು. ತಂತಿ ಸೇವೆ ಪೂರ್ತಿ ನಿಲ್ಲಲು ಇನ್ನು ಎರಡು ಮೂರು ವರ್ಷವಿತ್ತು. ಕಲ್ಯಾಣ–ಡೊಂಬಿವಲಿ ಕಡೆಯ ನಮ್ಮ ಕಚೇರಿಯಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಬ್ಬ ಮೆಸೆಂಜರ್, ನಾನು ಮತ್ತು ನಮ್ಮ ಉಸ್ತುವಾರಿ ಅಧಿಕಾರಿ. ಮೋರ್ಸ್ ಬಡಿಯುವ ಹಳೆಯ ಹಿತ್ತಾಳೆಯ ಕೀಲಿ ಹಳದಿ ಬಟ್ಟೆ ಸುತ್ತಿಕೊಂಡು ಕಪಾಟಿನಲ್ಲಿತ್ತು. ಶಾಲೆಯ ಮಕ್ಕಳು ಯಾವಾಗಲಾದರೂ ನೋಡಲು ಬಂದರೆ ಮಾತ್ರ ಅದನ್ನು ಹೊರಗೆ ತೆಗೆಯುತ್ತಿದ್ದೆ. ಸಾವಿನ ಸುದ್ದಿಗಳೆಲ್ಲ ಮೊಬೈಲಿಗೆ ಹೋಗಿದ್ದವು. ನಮ್ಮ ಪಾಲಿಗೆ ಉಳಿದವರು ರಜೆ ಬೇಕಾದ ಸೈನಿಕರು ಮತ್ತು ಮನೆ ಬಿಟ್ಟು ಓಡಿಹೋದ ಪ್ರೇಮಿಗಳು. ಕೋರ್ಟಿನ ಸುತ್ತಮುತ್ತಲಿನ ವಕೀಲರು ಪ್ರೇಮಿಗಳಿಗೆ ಹೇಳಿಕೊಡುತ್ತಿದ್ದರು: ಪೊಲೀಸರಿಗೆ ತಂತಿ ಕೊಡಿ, ಕೊಟ್ಟ ಹೊತ್ತು ಅದರ ಮೇಲೆ ಬಿದ್ದಿರುತ್ತದೆ, ನಾಳೆ ಬಂದೇ ಇಲ್ಲ ಎಂದು ಯಾರೂ ಹೇಳುವಂತಿಲ್ಲ.

ಆ ದಿನ ಬೆಳಗ್ಗಿನಿಂದಲೇ ಪ್ರಿಂಟರ್ ಸತಾಯಿಸುತ್ತಿತ್ತು. ಹನ್ನೊಂದು ಮುಕ್ಕಾಲರ ಹೊತ್ತಿಗೆ ಕಾಗದ ಸಿಕ್ಕಿಕೊಂಡಿತು. ಮುದುಡಿದ ಕಾಗದವನ್ನು ಎಳೆದು ತೆಗೆದು, ಮತ್ತೆ ಹಾಕಿ, ಬಂದಷ್ಟನ್ನು ಅಚ್ಚು ಹಾಕಿದೆ. ಮೊದಲು ಹೊರಬಂದ ತಂತಿಯ ಮೇಲೆ ಎಂಐಡಿಸಿಯ ಕಾರ್ಖಾನೆಗಳ ಬಳಿ ಹೋಟೆಲ್ ನಡೆಸುವ ನಮ್ಮ ಧಣಿಯೊಬ್ಬರ ಹೆಸರಿತ್ತು.

ಈ ಧಣಿಯನ್ನು ನಾನು ಅಣ್ಣ ಎಂದು ಕರೆಯುತ್ತಿದ್ದೆ. ಮುಂಬಯಿಗೆ ಬಂದ ಹೊಸತರಲ್ಲಿ ಎಂಟು ತಿಂಗಳು ನಾನು ಉಂಡದ್ದು ಅವರ ಹೋಟೆಲಿನಲ್ಲಿ, ಮಲಗಿದ್ದು ಅದರ ಅಟ್ಟದಲ್ಲಿ. ಅವರ ತಾಯಿ ಊರಿನಲ್ಲಿ ತೀರಿಕೊಂಡಾಗ ಸುದ್ದಿ ಹೇಳಿದ್ದೂ ನಾನೇ. ಅವರ ಮಗಳು ನವಿ ಮುಂಬೈಯ ಕಡೆ ಮಹಾಪೆಯ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಳು. ಇಪ್ಪತ್ಮೂರು ವರ್ಷ. ಎರಡು ದಿನದಿಂದ ಅವಳು ಮನೆಗೆ ಬಂದಿಲ್ಲ, ಅಣ್ಣ ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಕೊಟ್ಟಿದ್ದಾರೆ ಎಂದು ನನ್ನ ಹೆಂಡತಿ ಹಿಂದಿನ ದಿನವಷ್ಟೇ ಹೇಳಿದ್ದಳು.

ಕಾಗದದ ಮೇಲಿದ್ದ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ ಇಷ್ಟು: ‘ಸ್ವಂತ ಇಚ್ಛೆಯಿಂದ ಮದುವೆಯಾಗಿದ್ದೇನೆ. ಕ್ಷೇಮ. ಹುಡುಕಬೇಡಿ. ಅಮ್ಮನ ಮಾತ್ರೆ ತಪ್ಪಿಸಬೇಡಿ.’ ಅದೇ ಹುಡುಗಿ ಅಪ್ಪನಿಗೆ ಕಾಗದ ಬರೆದಿದ್ದರೆ ತೀರ್ಥರೂಪರಿಗೆ ಎಂದು ಶುರು ಮಾಡಿ, ಸಾಷ್ಟಾಂಗ ನಮಸ್ಕಾರ ಹೇಳಿ, ಕ್ಷಮೆ ಕೇಳಿ, ಆಮೇಲೆ ವಿಷಯಕ್ಕೆ ಬರುತ್ತಿದ್ದಳೇನೋ. ತಂತಿಯಲ್ಲಿ ನಮಸ್ಕಾರಕ್ಕೆ ಜಾಗವಿಲ್ಲ. ಆದರೂ ಮಾತ್ರೆಗೆ ಜಾಗ ಮಾಡಿದ್ದಳು.

ಓದಿ ನನಗೆ ಖುಷಿಯಾಯಿತು. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ, ನಿಜವಾಗಿಯೂ ಖುಷಿಯಾಯಿತು. ಇಷ್ಟು ವರ್ಷ ಸಾವನ್ನೇ ಹೇಳಿದ ಬಾಯಿಗೆ ಮಗಳು ಜೀವಂತ ಇದ್ದಾಳೆ ಎಂದು ಹೇಳುವ ಯೋಗ ಬಂದಿದೆ ಎನಿಸಿತು. ಫೋನ್ ಎತ್ತಿಕೊಂಡೆ.

‘ಅಣ್ಣ, ಒಂದು ತಂತಿ ಬಂದಿದೆ.’

‘ಎಲ್ಲಿಂದ ಬಂದದ್ದು?’ ಎಂದರು.

ಎಲ್ಲರೂ ಕೇಳುವ ಪ್ರಶ್ನೆ. ನಾನು ಎಂದಿನಂತೆ ಕಾಗದದ ತಲೆಭಾಗ ನೋಡಿದೆ. ಕೊಟ್ಟ ಕಚೇರಿಯ ಹೆಸರು, ಕ್ರಮಾಂಕ, ಹೊತ್ತು, ಪದಗಳ ಲೆಕ್ಕ ಅಲ್ಲಿರುತ್ತವೆ.

‘ಊರಿಂದ ಅಲ್ಲ, ಹೆದರ್ಬೇಡಿ. ನವಿ ಮುಂಬೈಯಿಂದ. ಮಹಾಪೆ ಹತ್ರ ನಮ್ಮ ಆಫೀಸುಂಟಲ್ಲ, ಅಲ್ಲಿ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಕೊಟ್ಟದ್ದು. ಮಗಳದ್ದು ಅಣ್ಣ, ಹುಷಾರುಂಟು.’ ಹುಡುಕಬೇಡಿ ಎಂಬಲ್ಲಿಯವರೆಗೆ ಓದಿದೆ. ಮಾತ್ರೆಯ ಸಾಲಿಗೆ ಬರುವ ಮೊದಲು ಅವರು ತಡೆದರು.

‘ಹನ್ನೊಂದು ಹತ್ತಕ್ಕಾ? ಹಾಗಾದ್ರೆ ಇನ್ನೂ ಅಲ್ಲೇ ಎಲ್ಲಿಯೋ ಇದ್ದಾರೆ. ನಮ್ಮ ಭಾವನ ಕ್ಯಾಂಟೀನ್ ಮಹಾಪೆಯಲ್ಲೇ ಉಂಟು.’ ಒಂದು ಕ್ಷಣ ಬಿಟ್ಟು ಹೇಳಿದರು, ‘ನೀವು ದೊಡ್ಡ ಉಪಕಾರ ಮಾಡಿದ್ರಿ ಮಾರಾಯ್ರೆ. ಪೊಲೀಸ್ನೋರಿಗೆ ಎರಡು ದಿನ ಆಯ್ತು, ಇಷ್ಟು ಗೊತ್ತಾಗ್ಲಿಲ್ಲ.’

ಫೋನ್ ಇಡುವ ಮೊದಲು ಅವರು ಮಗನನ್ನು ಕೂಗಿದ್ದು ಕೇಳಿತು. ಗಾಡಿ ತೆಗಿ ಎಂದರು. ಹಿಂದಿನಿಂದ ಮಗನ ಧ್ವನಿ ಬಂತು: ‘ಆ ಘಾಟಿಯ ಕೈ ಮುರಿದೇ ಕರ್ಕೊಂಡು ಬರುದು.’ ಘಾಟಿ ಎಂದರೆ ಮರಾಠಿಯವರಿಗೆ ನಮ್ಮವರ ಬೈಗುಳ.

ಅಷ್ಟರಲ್ಲಿ ಪ್ರಿಂಟರ್ ಎರಡನೆಯ ತಂತಿಯನ್ನು ಹೊರಹಾಕಿತು. ಅದೇ ಕಚೇರಿ, ಅದೇ ಹುಡುಗಿ, ಡೊಂಬಿವಲಿಯ ಪೊಲೀಸ್ ಸ್ಟೇಷನ್ನಿನ ಮುಖ್ಯಾಧಿಕಾರಿಯ ಹೆಸರಿಗೆ: ‘ನಾನು ವಯಸ್ಕಳು. ಅಪಹರಣ ಸುಳ್ಳು. ತಂದೆ ಮತ್ತು ಸಹೋದರನಿಂದ ಗಂಡನ ಪ್ರಾಣಕ್ಕೆ ಅಪಾಯ. ರಕ್ಷಣೆ ಕೊಡಿ.’

ಕ್ರಮಾಂಕ ನೋಡಿದೆ. ಅವಳು ಪೊಲೀಸರಿಗೆ ಮೊದಲು ಕೊಟ್ಟಿದ್ದಳು, ಅಪ್ಪನಿಗೆ ಆಮೇಲೆ. ನಮ್ಮಲ್ಲಿ ಸಿಕ್ಕಿಕೊಂಡು ಮುದುಡಿದ ಕಾಗದವೇ ಮೊದಲನೆಯದು, ಅದಕ್ಕೇ ಅದು ಹಿಂದೆ ಬಿತ್ತು. ನಾಲ್ಕು ನಿಮಿಷ ಕಾದಿದ್ದರೆ ಎರಡೂ ಒಟ್ಟಿಗೆ ನನ್ನ ಕೈಯಲ್ಲಿರುತ್ತಿದ್ದವು. ಲಕೋಟೆಯಲ್ಲೇ ಹೋಗಿದ್ದರೆ ಅಪ್ಪನದು ಮುಟ್ಟುವಾಗ ಸಂಜೆಯಾಗುತ್ತಿತ್ತು, ಅಷ್ಟರಲ್ಲಿ ಪೊಲೀಸರದು ಪೊಲೀಸರ ಕೈ ಸೇರಿರುತ್ತಿತ್ತು. ಆದರೆ ತಪ್ಪು ಪ್ರಿಂಟರಿನದಲ್ಲ. ಅದು ಯಾರಿಗೂ ಫೋನ್ ಮಾಡಿರಲಿಲ್ಲ.

ಮತ್ತೆ ಅಣ್ಣನ ಮೊಬೈಲಿಗೆ ಹಚ್ಚಿದೆ. ಎತ್ತಲಿಲ್ಲ. ಮನೆಗೆ ಹಚ್ಚಿದೆ, ಅಣ್ಣನ ಹೆಂಡತಿ, ಅತ್ತಿಗೆ ಎತ್ತಿದರು. ಮೂರು ಗಾಡಿಯಲ್ಲಿ ಹೊರಟರು, ಭಾವನಿಗೂ ಫೋನ್ ಹೋಯಿತು ಎಂದರು. ‘ಇವರ ಸಿಟ್ಟಿನ ಮುಖ ನೋಡ್ಲಿಕ್ಕೆ ಆಗುದಿಲ್ಲ. ನೀವೇ ಎಂತಾದ್ರೂ ಮಾಡಿ.’ ಎಂತ ಮಾಡುವುದು? ಮಹಾಪೆಯಿಂದ ರಬಾಳೆಯವರೆಗೆ ಪ್ರತಿ ಕಂಪನಿಯ ಕ್ಯಾಂಟೀನಿನಲ್ಲೂ ನಮ್ಮವನೊಬ್ಬ ಇಡ್ಲಿ ಬೇಯಿಸುತ್ತಿರುತ್ತಾನೆ. ಒಬ್ಬನಿಗೆ ಹೇಳಿದರೆ ಅರ್ಧ ಗಂಟೆಯಲ್ಲಿ ಐವತ್ತು ಜನಕ್ಕೆ ಗೊತ್ತು. ನಮ್ಮ ಇಲಾಖೆಯ ಯಾವ ತಂತಿಯೂ ಅಷ್ಟು ಬೇಗ ಹೋದದ್ದಿಲ್ಲ.

ಕೊಟ್ಟ ಕಚೇರಿಗೆ ಫೋನ್ ಮಾಡಿದೆ. ತಂತಿ ಫಾರ್ಮಿನ ಕೆಳಗೆ ಒಂದು ಗೆರೆ ಇರುತ್ತದೆ. ಗೆರೆಯ ಕೆಳಗೆ ಕಳುಹಿಸುವವರು ತಮ್ಮ ವಿಳಾಸ ಬರೆಯಬೇಕು. ಅದು ತಂತಿಯಲ್ಲಿ ಹೋಗುವುದಿಲ್ಲ, ಕೊಟ್ಟ ಕಚೇರಿಯಲ್ಲೇ ಉಳಿಯುತ್ತದೆ. ಆ ವಿಳಾಸ ಸಿಕ್ಕರೆ ಅಣ್ಣನಿಗಿಂತ ಮೊದಲು ಅವರನ್ನು ಎಚ್ಚರಿಸಬಹುದು. ಕೌಂಟರಿನಲ್ಲಿದ್ದ ಮರಾಠಿ ಹೆಣ್ಣುಮಗಳಿಗೆ ನನ್ನ ಪರಿಚಯ ಹೇಳಿಕೊಂಡು ವಿಳಾಸ ಕೇಳಿದೆ.

‘ಗೆರೆಯ ಕೆಳಗಿಂದು ಯಾರಿಗೂ ಹೇಳೋ ಹಾಗಿಲ್ಲ ಸಾಹೇಬ್, ನಿಮಗೆ ಗೊತ್ತಲ್ಲ,’ ಎಂದು ಹಿಂದಿಯಲ್ಲಿ ಹೇಳಿದಳು. ‘ಆ ಹುಡುಗಿ ನೆನಪಿದ್ದಾಳೆ. ಮದುಮಗಳ ಹಾಗೆ ಕೈತುಂಬ ಹಸಿರು ಬಳೆ. ಒಂದೇ ಫಾರ್ಮ್ ಮೂರು ಸಲ ಬರೆದಳು. ನಿಮಗೆ ಯಾಕೆ ಬೇಕು?’

ಹೇಳಬೇಕಾಯಿತು. ಹೇಳಿದೆ.

ಅವಳ ಧ್ವನಿ ಬದಲಾಯಿತು. ‘ಫೋನಲ್ಲಿ ಓದಿದ್ರಾ? ಯಾವ ಆಫೀಸಿಂದ ಅನ್ನೋದೂ ಹೇಳಿದ್ರಾ? ನೀವು ಎಷ್ಟು ವರ್ಷದಿಂದ ಕೆಲಸದಲ್ಲಿದ್ದೀರಿ?’

‘ಇಪ್ಪತ್ತಾರು,’ ಎಂದೆ.

‘ಇವತ್ತು ಅಪ್ಪನಿಗೆ ಹೇಳಿದ್ರಿ. ಈಗ ನಾನು ನಿಮಗೆ ಹೇಳಿದ್ರೆ ನಾಳೆ ಯಾರಿಗೆ ಹೇಳ್ತೀರಿ? ಪೊಲೀಸರು ಬರೆದು ಕೇಳಲಿ, ಕೊಡ್ತೀನಿ.’ ಫೋನ್ ಇಟ್ಟುಬಿಟ್ಟಳು.

ಸಿಟ್ಟು ಬಂತು, ಆದರೆ ಅವಳ ಮೇಲೆ ಬರಬೇಕಾದ ಸಿಟ್ಟಲ್ಲ ಎಂಬುದೂ ತಿಳಿಯುತ್ತಿತ್ತು. ನಾನು ಮುರಿದ ನಿಯಮವನ್ನೇ ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಪಕ್ಕದ ಹೊಲದ ಬೇಲಿ ನನ್ನನ್ನು ಒಳಗೆ ಬಿಡಲಿಲ್ಲ ಎಂದು ದೂರುವುದು ಹೇಗೆ?

ಮೆಸೆಂಜರ್ ಬೇರೆ ಕಡೆ ಹೋಗಿದ್ದ. ಪೊಲೀಸರ ತಂತಿಯನ್ನು ಲಕೋಟೆಗೆ ಹಾಕಿ, ರಸೀದಿ ಪುಸ್ತಕ ಹಿಡಿದು, ಅಧಿಕಾರಿಗೆ ಒಂದು ಮಾತು ಹೇಳದೆ ನಾನೇ ರಿಕ್ಷಾ ಹತ್ತಿದೆ. ದಾರಿಯುದ್ದಕ್ಕೂ ಬೇಡಿಕೊಂಡದ್ದು ಒಂದೇ: ಮಹಾಪೆಯ ದಾರಿಯಲ್ಲಿರುವ ಶಿಳ್ ಫಾಟಾದಲ್ಲಿ ಟ್ರಾಫಿಕ್ ಜಾಮ್ ಆಗಿರಲಿ. ವರ್ಷಗಟ್ಟಲೆ ಶಾಪ ಹಾಕಿದ ಆ ಜಾಮಿಗೆ ಅಂದು ಹರಕೆ ಹೊರಲೂ ಸಿದ್ಧನಿದ್ದೆ.

ಸ್ಟೇಷನ್ನಿನ ಬಾಗಿಲ ಮೇಜಿನಲ್ಲಿದ್ದ ಹವಾಲ್ದಾರ ಲಕೋಟೆ ತೆಗೆದುಕೊಂಡ, ರಸೀದಿಗೆ ಸಹಿ ಹಾಕಿದ, ಆವಕದ ಮೊಹರು ಒತ್ತಿದ, ಟ್ರೇಯಲ್ಲಿ ಇಟ್ಟ. ಟ್ರೇಯಲ್ಲಿ ಅದೇ ಬಣ್ಣದ ಇನ್ನೂ ಕೆಲವು ಲಕೋಟೆಗಳು ಒಡೆಯದೆ ಬಿದ್ದಿದ್ದವು. ಎಲ್ಲವೂ ನಮ್ಮ ಕಚೇರಿಯಿಂದಲೇ ಬಂದವು. ಇಷ್ಟು ವರ್ಷ ತಲುಪಿಸಲಾಗಿದೆ ಎಂದು ನಾವು ದಾಖಲೆಯಲ್ಲಿ ಬರೆದುಕೊಂಡ ತಂತಿಗಳು ಹೋಗಿ ಮಲಗುತ್ತಿದ್ದ ಜಾಗವನ್ನು ಅಂದು ಮೊದಲ ಬಾರಿ ಕಂಡೆ.

‘ಇದನ್ನು ಈಗಲೇ ಸಾಹೇಬರಿಗೆ ತೋರಿಸಿ,’ ಎಂದೆ.

‘ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ. ಲವ್ ಮ್ಯಾರೇಜ್ ತಾರ್ ತಾನೇ? ರೋಜ್ ಬರ್ತಾವೆ ಕಾಕಾ. ಸಂಜೆ ನೋಡ್ತಾರೆ.’

ಕೈಮುಗಿದೆ. ಗದರಿದೆ. ಮತ್ತೆ ಕೈಮುಗಿದೆ. ಅವನು ಪೇಪರ್ ಓದಲು ಶುರು ಮಾಡಿದ. ನನ್ನ ಧ್ವನಿ ಏರಿದ್ದನ್ನು ಕೇಳಿ ಒಳಗಿನಿಂದ ಒಬ್ಬ ಮಹಿಳಾ ಸಬ್ ಇನ್ಸ್‌ಪೆಕ್ಟರ್ ಹೊರಬಂದರು. ವಯಸ್ಸಿನಲ್ಲಿ ನನ್ನ ಮಗಳಷ್ಟೇ. ಲಕೋಟೆ ಒಡೆದು ಓದಿದರು.

‘ವಿಳಾಸವೇ ಇಲ್ಲ. ಎಲ್ಲಿಗೆ ರಕ್ಷಣೆ ಕಳಿಸೋದು? ಅಪ್ಪನಿಗೂ ಎಲ್ಲಿದ್ದಾಳೆ ಅಂತ ಗೊತ್ತಿಲ್ಲ, ನಮ್ಮಲ್ಲಿ ಬಂದು ಅಳ್ತಿದ್ದಾರೆ. ಗೊತ್ತಿಲ್ಲದ ಮೇಲೆ ಎಂಥ ಅಪಾಯ?’

‘ಅವರಿಗೆ ಗೊತ್ತಾಗಿದೆ. ಮೂರು ಗಾಡಿಯಲ್ಲಿ ಹೋಗಿದ್ದಾರೆ.’

‘ಯಾರು ಹೇಳಿದ್ರು ಅವರಿಗೆ?’

ಅಲ್ಲಿಯವರೆಗೆ ನಾನು ಇನ್ನೂ ತಪ್ಪಿಸಿಕೊಳ್ಳಬಹುದಿತ್ತು. ಯಾರೋ ಹೇಳಿದರಂತೆ ಎನ್ನಬಹುದಿತ್ತು. ನಿವೃತ್ತಿಗೆ ನಾಲ್ಕು ವರ್ಷ ಬಾಕಿ. ತಂತಿಯ ಗುಟ್ಟು ಬಿಟ್ಟುಕೊಟ್ಟರೆ ಕೆಲಸ ಹೋಗುವುದಷ್ಟೇ ಅಲ್ಲ, ಜೈಲೂ ಇದೆ ಎಂದು ಪ್ರಮಾಣಪತ್ರದಲ್ಲೇ ಅಚ್ಚಾಗಿತ್ತು. ಮನಸ್ಸು ಎಷ್ಟು ಬೇಗ ಸುಳ್ಳು ಹೊಲಿಯುತ್ತದೆ ಎಂದು ನನಗೇ ಆಶ್ಚರ್ಯವಾಯಿತು. ಎರಡು ಮೂರು ಸುಳ್ಳುಗಳು ತುಟಿಯವರೆಗೆ ಬಂದಿದ್ದವು. ಆದರೆ ಯಾರೋ ಹೇಳಿದರಂತೆ ಎಂಬ ಮಾತಿಗೆ ಯಾವ ಪೊಲೀಸರೂ ಜೀಪು ಹತ್ತುವುದಿಲ್ಲ.

‘ನಾನೇ ಹೇಳಿದ್ದು,’ ಎಂದೆ.

‘ಬರೆದು ಕೊಡಿ,’ ಎಂದರು.

ನನ್ನ ಜೇಬಿನಲ್ಲಿದ್ದ ಕಾಗದ ಒಂದು ಖಾಲಿ ತಂತಿ ಫಾರ್ಮ್ ಮಾತ್ರ. ಅದರ ಬೆನ್ನಿನ ಮೇಲೆ ಬರೆದೆ. ಕೈಗೆ ಅಂಟಿದ ಅಭ್ಯಾಸ, ಒಂಬತ್ತೇ ಪದಗಳಲ್ಲಿ ಮುಗಿಸಿಬಿಟ್ಟಿದ್ದೆ. ಅವರು ಓದಿ ವಾಪಸು ಕೊಟ್ಟರು. ‘ಪೂರ್ತಿ ಬರೀರಿ ಕಾಕಾ. ಯಾರು, ಯಾರಿಗೆ, ಎಷ್ಟು ಹೊತ್ತಿಗೆ, ಏನೇನು ಹೇಳಿದ್ರಿ, ಎಲ್ಲ.’ ಎರಡನೆಯ ಸಲ ಮೊದಲಿನಿಂದ ಶುರು ಮಾಡಿದೆ. ಎಲ್ಲ ಬರೆದೆ. ಹನ್ನೊಂದು ಹತ್ತು ಎಂದು ನಾನು ಹೇಳಿದ್ದನ್ನೂ ಬರೆದೆ.

ಆಮೇಲೆ ಅವರು ತಡ ಮಾಡಲಿಲ್ಲ. ಆದರೆ ಪ್ರತಿಯೊಂದಕ್ಕೂ ಅದರದೇ ಹೊತ್ತು ಬೇಕು. ಕೊಟ್ಟ ಕಚೇರಿಗೆ ವಿಳಾಸ ಕೇಳುವ ಪತ್ರ ಬೆರಳಚ್ಚಾಗಬೇಕು, ಮೊಹರು ಬೀಳಬೇಕು, ಫ್ಯಾಕ್ಸ್ ಆಗಬೇಕು. ಮೊದಲ ಸಲ ಫ್ಯಾಕ್ಸ್ ಹೋಗಲಿಲ್ಲ. ಎರಡನೆಯ ಸಲ ಹೋಯಿತು. ಆ ಹೆಣ್ಣುಮಗಳು ಹೇಳಿದ ಮಾತಿನಂತೆ ಐದೇ ನಿಮಿಷದಲ್ಲಿ ಗೆರೆಯ ಕೆಳಗಿನ ಮೂರು ಸಾಲನ್ನು ಕಳುಹಿಸಿದಳು: ರಬಾಳೆಯ ಒಂದು ಚಾಳ್, ಹುಡುಗನ ಗೆಳೆಯನ ಖೋಲಿ. ಅಲ್ಲಿಯ ಪೊಲೀಸರಿಗೆ ಫೋನ್ ಹೋಯಿತು. ಅಲ್ಲಿ ಗಾಡಿ ಇರಲಿಲ್ಲ. ಗಾಡಿ ಬಂದು ಹೊರಟಿತು ಎಂದು ತಿಳಿಯುವಾಗ ಎರಡೂಕಾಲು ಗಂಟೆ.

ನಾನು ಬೆಂಚಿನ ಮೇಲೆ ಕೂತೇ ಇದ್ದೆ. ನಡುವೆ ಮಹಾಪೆಯ ಕ್ಯಾಂಟೀನಿನಲ್ಲಿದ್ದ ನನ್ನ ಪರಿಚಯದ ಅಡುಗೆಯವನೊಬ್ಬ ಫೋನ್ ಮಾಡಿದ. ‘ಮಾಮ, ನಿಮ್ಮ ಅಣ್ಣನ ಮಗಳಂತೆ, ಹುಡುಗ ರಬಾಳೆಯಲ್ಲಿ ಲೇತ್ ಮೆಷಿನ್ನಿನವನಂತೆ. ನಾವೆಲ್ಲ ಹುಡುಕ್ತಾ ಇದ್ದೇವೆ. ಅವನ ದೋಸ್ತನ ಖೋಲಿ ಒಬ್ಬನಿಗೆ ಗೊತ್ತುಂಟಂತೆ.’ ಸಂತೋಷದಲ್ಲೇ ಹೇಳಿದ. ಪುಣ್ಯದ ಕೆಲಸ ಮಾಡುತ್ತಿದ್ದೇನೆ ಎಂದು ಅವನು ನಂಬಿದ್ದ, ಬೆಳಗ್ಗೆ ನಾನು ನಂಬಿದ್ದ ಹಾಗೆಯೇ. ಹುಡುಕಬೇಡ ಎಂದೆ. ಯಾಕೆ ಮಾಮ ಎಂದ. ಅಷ್ಟರಲ್ಲಿ ಅವನ ಫೋನಿಗೆ ಬೇರೆ ಕರೆ ಬಂದು ಮಾತು ಕಡಿಯಿತು. ಮತ್ತೆ ಹಚ್ಚಿದರೆ ಬಿಜಿ, ಮತ್ತೆ ಬಿಜಿ. ದೇವರ ಹೆಸರು ಹೇಳಲೂ ನಾಲಿಗೆಗೆ ಧೈರ್ಯವಾಗಲಿಲ್ಲ.

ಅಣ್ಣನ ಗಾಡಿಗಳು ಪೊಲೀಸರಿಗಿಂತ ಇಪ್ಪತ್ತು ನಿಮಿಷ ಮೊದಲು ಮುಟ್ಟಿದ್ದವು.

ಹುಡುಗಿಯನ್ನು ಯಾರೂ ಮುಟ್ಟಲಿಲ್ಲ. ಚಾಳಿನ ಹೆಂಗಸರು ಅವಳನ್ನು ಒಂದು ಖೋಲಿಯೊಳಗೆ ಸೇರಿಸಿ ಬಾಗಿಲಿಗೆ ಅಡ್ಡ ನಿಂತರಂತೆ. ಹುಡುಗನಿಗೆ ಹಾಗೆ ಅಡ್ಡ ನಿಲ್ಲುವವರು ಇರಲಿಲ್ಲ. ಬಲಗೈ ಮೊಣಕೈಯ ಕೆಳಗೆ ಎರಡು ಕಡೆ ಮುರಿಯಿತು, ಎರಡು ಬೆರಳು ಜಜ್ಜಿ ಹೋದವು. ಲೇತ್ ಮೆಷಿನ್ನಿನಲ್ಲಿ ಕೆಲಸ ಮಾಡುವವನ ಬಲಗೈ.

ಐದು ಗಂಟೆಗೆ ಎಲ್ಲರನ್ನೂ ಡೊಂಬಿವಲಿಯ ಸ್ಟೇಷನ್ನಿಗೆ ತಂದರು. ಹುಡುಗನನ್ನು ಮಾತ್ರ ಆಸ್ಪತ್ರೆಗೆ ಸೇರಿಸಿದ್ದರು. ಅಣ್ಣ ಒಂದು ಮೂಲೆಯಲ್ಲಿ ಕೂತಿದ್ದರು, ನನ್ನ ಕಡೆ ನೋಡಲಿಲ್ಲ. ಅವರ ಮಗ ಬೇರೆ ಕೋಣೆಯಲ್ಲಿದ್ದ. ಹುಡುಗಿ ಸಬ್ ಇನ್ಸ್‌ಪೆಕ್ಟರರ ಮುಂದೆ ನಿಂತು ಹೇಳಿಕೆ ಕೊಡುತ್ತಿದ್ದಳು. ಹಸಿರು ಬಳೆಗಳಲ್ಲಿ ಅರ್ಧ ಒಡೆದಿದ್ದವು.

‘ನಾನು ಅಡ್ರೆಸ್ ಹಾಕೇ ಇಲ್ಲ,’ ಎನ್ನುತ್ತಿದ್ದಳು. ‘ಯಾರಿಗೂ ಹೇಳಿಲ್ಲ. ಇವರಿಗೆ ಹೇಗೆ ಗೊತ್ತಾಯ್ತು, ಅದು ಬರ್ಕೊಳ್ಳಿ ಮೊದ್ಲು.’

ಸಬ್ ಇನ್ಸ್‌ಪೆಕ್ಟರ್ ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ. ‘ನಾನು ಹೇಳಿದೆ ಮಗಾ. ತಂತಿ ಬಂದಿದೆ ಅಂತ ಅಪ್ಪನಿಗೆ ಫೋನ್ ಮಾಡಿದೆ. ಎಲ್ಲಿಂದ ಅಂತ ಕೇಳಿದ್ರು, ಹೇಳಿದೆ.’

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

‘ಫೋನ್ ಮಾಡ್ಲಿಕ್ಕೆ ನಂಗೆ ಆಗ್ತಿತ್ತು ಮಾಮ,’ ಎಂದಳು. ‘ಲೇಕಿನ್ ಫೋನ್ ಮಾಡಿದ್ರೆ ನಂಬರಿಂದ ಗೊತ್ತಾಗ್ತದೆ ಅಂತ ನನ್ನ ಗಂಡ ಬೇಡ ಅಂದ್ರು. ತಂತಿ ಕೊಡುವಾ ಅಂತ ನಾನೇ ಹೇಳಿದ್ದು. ಸ್ಕೂಲಿಂದ ನಿಮ್ಮ ಆಫೀಸಿಗೆ ಕರ್ಕೊಂಡು ಬಂದಿದ್ರಲ್ಲ ನಮ್ಮನ್ನ, ಆ ಹಿತ್ತಾಳೆದು ತೋರಿಸ್ಲಿಕ್ಕೆ. ತಂತಿಯಲ್ಲಿ ಇರುದು ಯಾರಿಗೂ ಹೇಳುದಿಲ್ಲ ಅಂದ್ರಿ. ಅಪ್ಪ ಬಂದು ಕೇಳಿದ್ರೂ ಹೇಳುದಿಲ್ವಾ ಅಂತ ನಾನು ಕೇಳಿದ್ದೆ. ನಿನ್ನ ಅಪ್ಪ ಅಲ್ಲ, ದೇವರು ಬಂದು ಕೇಳಿದ್ರೂ ತಂತಿಯವರು ಹೇಳುದಿಲ್ಲ ಅಂತ ನೀವೇ ಹೇಳಿದ್ದು.’

ನನಗೆ ನೆನಪಿತ್ತು. ಎರಡು ಜಡೆ ಹಾಕಿಕೊಂಡು ಕಪಾಟಿನ ಪಕ್ಕ ನಿಂತಿದ್ದಳು. ಅಂದು ನಾನು ದೊಡ್ಡ ದನಿಯಲ್ಲಿ ಹೇಳಿದ್ದು ಸುಳ್ಳಲ್ಲ, ನಿಯಮ ಹಾಗೆಯೇ ಇತ್ತು.

ಇಲಾಖೆಯ ವಿಚಾರಣೆ ಏಳು ತಿಂಗಳು ನಡೆಯಿತು. ಕೆಲಸ ಉಳಿಯಿತು, ಬಡ್ತಿ ಹೋಯಿತು. ನಾನೇ ಬರೆದು ಕೊಟ್ಟೆ ಎಂಬ ಕಾರಣಕ್ಕೆ ಕರುಣೆ ತೋರಿಸಿದರು. ಸಂಘದಲ್ಲಿ ಒಬ್ಬಿಬ್ಬರು ಬಂದು ನೀವು ಮಾಡಿದ್ದರಲ್ಲಿ ತಪ್ಪೇನು, ಹೆತ್ತ ಅಪ್ಪನಿಗೆ ತಾನೆ ಹೇಳಿದ್ದು ಎಂದು ಸಮಾಧಾನ ಹೇಳಿದರು. ಶಿಕ್ಷೆಗಿಂತ ಆ ಸಮಾಧಾನವೇ ನನಗೆ ಹೆಚ್ಚು ಸುಟ್ಟಿತು. ಹುಡುಗನ ಕೈ ಕೂಡಿತು, ಆದರೆ ಎರಡು ಬೆರಳು ಮಡಚುವುದಿಲ್ಲ ಎಂದು ಕೇಳಿದೆ.

ಇನ್ನೊಂದು ಸಂಗತಿ ಉಳಿದಿದೆ. ಅಣ್ಣನ ಹೆಸರಿಗೆ ಬಂದ ತಂತಿಯನ್ನು ಮೆಸೆಂಜರ್ ಮಾರನೆಯ ದಿನ ಒಯ್ದಾಗ ಅವರು ಮುಟ್ಟಲಿಲ್ಲ. ನಿರಾಕರಿಸಿದರು ಎಂದು ಬರೆದು ಲಕೋಟೆ ನನ್ನ ಮೇಜಿಗೆ ವಾಪಸು ಬಂತು. ನಾಲ್ಕನೆಯ ದಿನ ಮಧ್ಯಾಹ್ನ ಅತ್ತಿಗೆ ಒಬ್ಬರೇ ಕೌಂಟರಿನ ಮುಂದೆ ನಿಂತಿದ್ದರು. ಕಣ್ಣು ಬಾತಿತ್ತು.

‘ಅದು ಅಪ್ಪನಿಗೆ ಕಳ್ಸಿದ್ದು ಅಂತ ಗೊತ್ತುಂಟು. ಅದರಲ್ಲಿ ನನ್ನ ಬಗ್ಗೆ ಎಂತಾದ್ರೂ ಬರ್ದಿದ್ದಾಳಾ, ಅಷ್ಟು ಹೇಳಿ ಸಾಕು.’

ಆ ಸಾಲು ನನಗೆ ಬಾಯಿಪಾಠವಾಗಿತ್ತು. ಅಣ್ಣ ಪೂರ್ತಿ ಕೇಳಿಸಿಕೊಳ್ಳದ ಸಾಲು. ಹೇಳಿದರೆ ಆ ತಾಯಿಗೆ ಅಷ್ಟಾದರೂ ತಂಪಾಗುತ್ತಿತ್ತು. ಇಪ್ಪತ್ತಾರು ವರ್ಷ ಇದೇ ತಂಪಿಗಾಗಿಯೇ ಅಲ್ಲವೇ ನಾನು ಬಾಯಿ ಬಿಟ್ಟದ್ದು.

‘ಹೇಳ್ಲಿಕ್ಕೆ ಇಲ್ಲ ಅತ್ತಿಗೆ,’ ಎಂದೆ. ‘ತಂತಿ ಅವರ ಹೆಸರಲ್ಲಿ ಉಂಟು.’

ಅವರ ಮುಖ ಸಣ್ಣದಾಯಿತು. ನಾನು ಒಂದು ಖಾಲಿ ಫಾರ್ಮ್ ತೆಗೆದೆ. ಅಪ್ಪನ ತಂತಿ ಮುಟ್ಟಿತೇ ಎಂದು ಕೇಳಲು ಹುಡುಗಿ ದಿನಾ ಮಹಾಪೆಯ ಕಚೇರಿಗೆ ಬರುತ್ತಾಳೆ ಎಂದು ಅಲ್ಲಿಯ ಹೆಣ್ಣುಮಗಳು ಆ ತಂತಿಯ ಗತಿ ವಿಚಾರಿಸುವಾಗ ತಿಳಿಸಿದ್ದಳು. ಅವಳು ಆ ಕಚೇರಿಗೇ ಬಂದು ಪಡೆಯುವಂತೆ ತಂತಿ ಕೊಡಬಹುದು, ವಿಳಾಸ ಬೇಕಿಲ್ಲ. ‘ನೀವು ಅವಳಿಗೆ ಕಳ್ಸಿ. ಅವಳ ಕೈಗೇ ಮುಟ್ತದೆ. ನಾನು ಯಾರಿಗೂ ಹೇಳುದಿಲ್ಲ,’ ಎಂದೆ. ಕೊನೆಯ ಮಾತು ಹೇಳುವಾಗ ಅವರ ಮುಖ ನೋಡಲಾಗಲಿಲ್ಲ.

ಅತ್ತಿಗೆ ಬಹಳ ಹೊತ್ತು ಯೋಚಿಸಿದರು. ಹಿಂದೆ ನಿಂತಿದ್ದ ಸೈನಿಕ ಗಡಿಯಾರ ನೋಡಿಕೊಂಡ.

‘ಎಂತ ಬರೆಯುದು... ನಾನು ಮಾತ್ರೆ ತಪ್ಪದೆ ತಕ್ಕೊಳ್ತಾ ಇದ್ದೇನೆ ಅಂತ ಬರೀರಿ. ಆ ಮಗು ಅದನ್ನೇ ಯೋಚ್ನೆ ಮಾಡ್ತಿರ್ತದೆ.’

ನನ್ನ ಪೆನ್ನು ನಿಂತಿತು. ಅವರು ಏನು ಎಂದು ಕೇಳುವಂತೆ ನೋಡಿದರು. ತಲೆ ತಗ್ಗಿಸಿ ಬರೆದೆ, ಪದ ಎಣಿಸಿದೆ, ರಸೀದಿ ಹರಿದು ಕೊಟ್ಟೆ.